ತಿದ್ದಿದ ಮೂಗನ್ನು ಮರಳಿ ತಿದ್ದುವ ವಿಚಾರ



ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಬಂದು ನಿಂತಿರುವ ಅವಯವವು ಮೂಗು. ಪರರ ಕಾರ್ಯದಲ್ಲಿ ಕೈ ಹಾಕಿದವನನ್ನು ಮೂಗು ತೂರಿಸಿದನೆನ್ನುತ್ತೇವೆ. ಆಶ್ಚರ್ಯವಾದರೆ ಮೂಗಿನ ಮೇಲೆ ಬೆರಳಿಡುತ್ತೇವೆ. ಹೆಣ್ಣುಮಕ್ಕಳನ್ನು ಹೊಗಳುವಾಗ ಸಂಪಿಗೆಯ ಮೂಗೆನ್ನುತ್ತೇವೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದೆಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಈ ಗಾದೆಯ ಅರ್ಥವನ್ನು ನಾನು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಕೋಪದಿಂದಲ್ಲದೆ ಆಸೆಯಿಂದ, ತಾನೇ ಹಣವಿತ್ತು ತಿದ್ದಿಸಿಕೊಂಡ ಮೂಗು ಮನಸ್ಸಿಗೆ ಒಪ್ಪದೆ ಹೋದರೆ ಮುಂದೇನು ಮಾಡತಕ್ಕದ್ದೆಂದು ಕೇಳಲು ನನ್ನ ಬಾಗಿಲಿಗೆ ಯಾರಾದರೂ ಬಂದಾರೆಂದು ಎಣಿಸಿರಲಿಲ್ಲ.

ಹೋದ ತಿಂಗಳ ಒಂದು ಸಂಜೆ, ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ನಾನು ಕುಳಿತಿದ್ದಾಗ, ಹಿಂದೆ ನನ್ನಲ್ಲಿ ಸಂಸ್ಕೃತವನ್ನು ಓದಿದ್ದ ಗೃಹಿಣಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಇಪ್ಪತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಉದ್ಯೋಗ. ಒಂಬತ್ತು ತಿಂಗಳ ಹಿಂದೆ ಅವಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂಗಿನ ಮೇಲಣ ಗೂನನ್ನು ತೆಗೆಸಿ, ತುದಿಯನ್ನು ಸಣ್ಣದು ಮಾಡಿಸಿಕೊಂಡಿದ್ದಳು. ಗೂನೇನೋ ಹೋಗಿದೆ, ಆದರೆ ತುದಿಯ ಮೇಲ್ಭಾಗ ಉಬ್ಬಿಕೊಂಡಿದೆ, ಒಂದು ಹೊಳ್ಳೆ ಇನ್ನೊಂದಕ್ಕಿಂತ ಮೇಲಿದೆ ಎಂಬುದು ಅವಳ ಕೊರಗು.

"ಮೇಷ್ಟ್ರೇ, ಮಾಘದಲ್ಲಿ ಗಂಡಿನ ಕಡೆಯವರು ನೋಡಲು ಬರುತ್ತಾರೆ. ಅಷ್ಟರೊಳಗೆ ಇನ್ನೊಮ್ಮೆ ಮಾಡಿಸಿಬಿಡೋಣವೆಂದು ನಾನು. ಇವರ ತಂದೆ, ಇನ್ನು ಮೂಗಿನ ಮಾತನ್ನೇ ಎತ್ತಕೂಡದೆನ್ನುತ್ತಾರೆ. ನೀವೇ ಒಂದು ಮಾತು ಹೇಳಿ" ಎಂದಳು ತಾಯಿ.

ನಾನು ವೈದ್ಯನಲ್ಲವೆಂದು ಹೇಳಹೊರಟೆನು. ಅಷ್ಟರಲ್ಲಿ ಮಗಳು, "ತಾತ, ಆಸ್ಪತ್ರೆಯ ಗೋಡೆಯ ಮೇಲೆ ಸುಶ್ರುತನ ಚಿತ್ರವಿತ್ತು. ಅವನ ಕಾಲದಲ್ಲಿಯೇ ಮೂಗನ್ನು ಕಟ್ಟುತ್ತಿದ್ದರಂತೆ. ಹಾಗೆ ಕಟ್ಟಿದ ಮೂಗು ಸರಿಯಾಗದೆ ಹೋದರೆ ಏನು ಮಾಡುತ್ತಿದ್ದರು?" ಎಂದು ಕೇಳಿದಳು.

ಸುಶ್ರುತನ ಹೆಸರನ್ನು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈ ಪ್ರಶ್ನೆಯನ್ನು ಮಾತ್ರ ಯಾರ ಬಾಯಲ್ಲಿಯೂ ಕೇಳಿರಲಿಲ್ಲ. ಒಳಗೆ ಹೋಗಿ ಸುಶ್ರುತಸಂಹಿತೆಯನ್ನು ತಂದು, ಸೂತ್ರಸ್ಥಾನದ 16ನೆಯ ಅಧ್ಯಾಯವನ್ನು ತೆರೆದೆನು.

ಈ ಅಧ್ಯಾಯದ ಹೆಚ್ಚಿನ ಭಾಗವು ಕಿವಿ ಚುಚ್ಚುವುದನ್ನೂ ಹರಿದ ಕಿವಿಯ ಹಾಲೆಯನ್ನು ಜೋಡಿಸುವುದನ್ನೂ ಕುರಿತದ್ದು. ಮೂಗಿನ ವಿಚಾರವು ಕೊನೆಯಲ್ಲಿ ಕೆಲವೇ ಶ್ಲೋಕಗಳಲ್ಲಿ ಬರುತ್ತದೆ. ಮೂಗಿನ ಅಳತೆಗೆ ಸರಿಯಾಗಿ ಮರದ ಎಲೆಯೊಂದನ್ನು ತೆಗೆದುಕೊಂಡು, ಆ ಅಳತೆಯ ಚರ್ಮವನ್ನು ಕೆನ್ನೆಯ ಪಕ್ಕದಿಂದ ಎತ್ತಿ, ಮೂಗಿನ ಮೊಂಡನ್ನು ಹೆರೆದು ಹಸಿಮಾಡಿ ಅಲ್ಲಿ ಕೂಡಿಸಬೇಕು. ಒಳಗೆ ಎರಡು ನಾಳಗಳನ್ನಿರಿಸಿ ಮೂಗನ್ನು ಎತ್ತರಿಸಿ ಕಟ್ಟಬೇಕು. ಯಷ್ಟಿಮಧುವೇ ಮೊದಲಾದ ಚೂರ್ಣವನ್ನು ಉದುರಿಸಿ, ಬಿಳಿಯ ಹತ್ತಿಯಿಂದ ಮುಚ್ಚಿ, ಎಳ್ಳೆಣ್ಣೆಯನ್ನು ಆಗಾಗ್ಗೆ ಹನಿಸಬೇಕು. ಇದನ್ನು ಮಾಡುವ ವೈದ್ಯನಿಗೆ ಗ್ರಂಥಕಾರನು ಕೊಡುವ ವಿಶೇಷಣವು ‘ಅಪ್ರಮತ್ತ’ ಎಂಬುದು. ಎಂದರೆ, ಎಚ್ಚರ ತಪ್ಪದವನು.

ಹುಡುಗಿಯು ಕೇಳಿದುದಕ್ಕೆ ಉತ್ತರವು ಇದಾದ ಮೇಲೆ ಬರುತ್ತದೆ. ಗಾಯವು ಮಾಯ್ದು ಚರ್ಮವು ಕೂಡಿಕೊಂಡ ಬಳಿಕ, ಮೂಗು ಕಿರಿದಾಗಿದ್ದರೆ ಅದನ್ನು ಮತ್ತೆ ಬೆಳೆಸಲು ಯತ್ನಿಸಬೇಕು. ಮಾಂಸವು ಮಿತಿಮೀರಿ ಬೆಳೆದಿದ್ದರೆ ಸಮ ಮಾಡಬೇಕು ಎಂದು ಅವನು ವಿಧಿಸಿದ್ದಾನೆ. ನೋಡಿರಿ, ಮೊದಲನೆಯ ಶಸ್ತ್ರಕ್ರಿಯೆಯನ್ನು ಹೇಳಿದ ಬಾಯಲ್ಲಿಯೇ ಎರಡನೆಯದನ್ನೂ ಹೇಳಿದ್ದಾನೆ. ಮರಳಿ ತಿದ್ದುವುದು ಅವನ ದೃಷ್ಟಿಯಲ್ಲಿ ವೈದ್ಯನಿಗೆ ಅಪಮಾನವೂ ಅಲ್ಲ, ರೋಗಿಯ ಚಾಪಲ್ಯವೂ ಅಲ್ಲ. ಚಿಕಿತ್ಸೆಯ ಒಂದು ಅಂಗ.

ಆದರೆ ಅದೇ ಅಧ್ಯಾಯದಲ್ಲಿ, ಕಿವಿಯ ಪ್ರಸ್ತಾಪದಲ್ಲಿ, ಇನ್ನೊಂದು ಎಚ್ಚರಿಕೆಯುಂಟು. ಜೋಡಿಸಿದ ಕಿವಿಯಲ್ಲಿ ರೋಮವು ಹುಟ್ಟಿ, ಸಂಧಿಯು ಬಲವಾಗಿ, ಗಾಯವು ಪೂರ್ತಿ ಮಾಯ್ದು, ನೋವು ಅಡಗಿದ ಮೇಲೆಯೇ ಅದನ್ನು ಮೆಲ್ಲಮೆಲ್ಲನೆ ದೊಡ್ಡದು ಮಾಡತಕ್ಕದ್ದು. ಮಾಘಮಾಸವು ಬಂದಿತೆಂದಾಗಲಿ, ನೆಂಟರು ಬರುವರೆಂದಾಗಲಿ ಅವನು ಅವಧಿಯನ್ನು ಗೊತ್ತು ಮಾಡುವುದಿಲ್ಲ. ಮಾಯುವ ಅಂಗವೇ ಅವಧಿಯನ್ನು ಹೇಳಬೇಕು.

ಎರಡು ನಾಳಗಳ ಮಾತು ಬಂದಾಗ, ಉಸಿರಿಗೆ ದಾರಿಯಿರಲೆಂದು ಇದನ್ನು ಮಾಡಿದ್ದಿರಬೇಕೆಂದು ನಾನು ವಿವರಿಸಿದೆನು. ಆಗ ಹುಡುಗಿಯು ತಾಯಿಯ ಮುಖವನ್ನು ನೋಡಿ, "ನನಗೆ ರಾತ್ರಿ ಬಲಗಡೆ ಉಸಿರೇ ಆಡುವುದಿಲ್ಲ. ಬಾಯಿ ತೆರೆದುಕೊಂಡೇ ಮಲಗುತ್ತೇನೆ" ಎಂದಳು. ತಾಯಿಯು ಬೆಚ್ಚಿದಳು. ಒಂಬತ್ತು ತಿಂಗಳಿಂದ ಆ ಮನೆಯಲ್ಲಿ ಮೂಗಿನ ಉಬ್ಬು, ತಗ್ಗು, ಹೊಳ್ಳೆಗಳ ಚರ್ಚೆ ದಿನವೂ ನಡೆದಿತ್ತು. ಉಸಿರು ಹೇಗಿದೆಯೆಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಕೇಳುವವರಿಲ್ಲದ ಕಾರಣ ಅವಳೂ ಹೇಳಿರಲಿಲ್ಲ.

ಇದು ನನ್ನ ಅಳವನ್ನು ಮೀರಿದ ಸಂಗತಿಯಾದುದರಿಂದ, ಕಿವಿ ಮೂಗು ಗಂಟಲಿನ ವೈದ್ಯನಾಗಿರುವ ನನ್ನ ಇನ್ನೊಬ್ಬ ಹಳೆಯ ಶಿಷ್ಯನಲ್ಲಿಗೆ ಅವರನ್ನು ಕರೆದುಕೊಂಡು ಹೋದೆನು. ಅವನಿಂದ ತಿಳಿದುದನ್ನು, ಇಂಥ ಕೊರಗಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂದು, ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಈ ಅಸಮಾಧಾನವು ಅಪರೂಪದ್ದಲ್ಲ. ಮೂಗನ್ನು ತಿದ್ದಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 5ರಿಂದ 15 ಮಂದಿ ಮತ್ತೊಮ್ಮೆ ತಿದ್ದಿಸಿಕೊಳ್ಳುತ್ತಾರೆಂದು ವೈದ್ಯರ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಒಳ್ಳೆಯ ಕೈಯಲ್ಲಿಯೂ ಹೀಗಾಗುವುದುಂಟು. ಏಕೆಂದರೆ ಶಸ್ತ್ರವು ವೈದ್ಯನ ಕೈಯಲ್ಲಿದ್ದರೂ ಮಾಯುವಿಕೆಯು ಅವನ ಕೈಯಲ್ಲಿಲ್ಲ.

ಎರಡನೆಯದಾಗಿ, ಕಾಲ. ಮೂಗಿನ ಬಾವಿನ ಹೆಚ್ಚಿನ ಪಾಲು ಕೆಲವು ವಾರಗಳಲ್ಲಿ ಇಳಿದರೂ ಉಳಿದುದು, ಅದರಲ್ಲಿಯೂ ತುದಿಯದು, ಇಳಿಯಲು ಒಂದು ವರ್ಷ ಬೇಕು. ಚರ್ಮವು ದಪ್ಪವಾಗಿದ್ದವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುವುದು. ಒಂಬತ್ತನೆಯ ತಿಂಗಳಿನಲ್ಲಿ ಕಾಣುವ ಮೂಗು ಪೂರ್ತಿ ಒಣಗದ ಮಣ್ಣಿನ ಗೊಂಬೆಯಂತೆ. ಅದರ ಮೇಲೆ ತೀರ್ಪು ಕೊಡುವುದು ಅವಿವೇಕ. ಒಳಗಿನ ಗಾಯದ ಮಾಂಸವು ಮೆತ್ತಗಾಗುವ ಮೊದಲೇ ಮತ್ತೆ ಕೊಯ್ದರೆ ಕೆಲಸವೂ ಕಷ್ಟ, ಫಲವೂ ಅನಿಶ್ಚಿತ. ಆದುದರಿಂದ ಪೂರ್ಣವಾದ ಎರಡನೆಯ ಶಸ್ತ್ರಕ್ರಿಯೆಗೆ ಒಂದು ವರ್ಷವಾದರೂ ಕಾಯಬೇಕೆಂಬುದು ವಾಡಿಕೆಯ ನಿಯಮ. ಆದರೆ ಕೀವು, ಜ್ವರ, ಹೆಚ್ಚುತ್ತಿರುವ ಕೆಂಪು ಮತ್ತು ನೋವು, ಮೂಗಿಗೆ ಬಿದ್ದ ಹೊಸ ಪೆಟ್ಟು, ಇವುಗಳಿಗೆ ಈ ನಿಯಮವಿಲ್ಲ. ಕೂಡಲೆ ವೈದ್ಯನಲ್ಲಿಗೆ ಹೋಗತಕ್ಕದ್ದು.

ಮೂರನೆಯದಾಗಿ, ಕೊರತೆಯು ಯಾವ ಬಗೆಯದೆಂದು ವಿಂಗಡಿಸಬೇಕು. ಉಸಿರಿನದೋ, ಆಕಾರದ್ದೋ, ಮನಸ್ಸಿನದೋ?

ಉಸಿರಿನದಾದರೆ ಅದಕ್ಕೆ ಅಗ್ರಪೂಜೆ. ಗೂನನ್ನು ತೆಗೆಯುವಾಗ ಮೂಗಿನ ಪಕ್ಕದ ಗೋಡೆಗಳ ಆಸರೆ ಸಡಿಲವಾದರೆ ಒಳದಾರಿಯು ಇಕ್ಕಟ್ಟಾಗುವುದು. ನಡುಗೋಡೆಯು ಡೊಂಕಾಗಿಯೇ ಉಳಿದಿದ್ದರೂ ಹಾಗಾಗುವುದು. ನನ್ನ ಶಿಷ್ಯನು ಹುಡುಗಿಯ ಬಲಗೆನ್ನೆಯನ್ನು ಬೆರಳಿನಿಂದ ಮೆಲ್ಲನೆ ಹೊರಕ್ಕೆ ಎಳೆದು ಉಸಿರೆಳೆಯಹೇಳಿದನು. "ಈಗ ಬರುತ್ತಿದೆ!" ಎಂದಳು. ದಾರಿಯು ಅಲ್ಲಿ ಇಕ್ಕಟ್ಟಾಗಿರುವುದಕ್ಕೆ ಇದೊಂದು ಸೂಚನೆ ಮಾತ್ರವೆಂದೂ, ಒಳಗೆ ದೀಪ ಹಾಯಿಸಿ ನೋಡಿಯೇ ನಿಶ್ಚಯಿಸಬೇಕೆಂದೂ ಅವನು ಹೇಳಿದನು.

ಆಕಾರದ್ದಾದರೆ, ಮೊದಲು ಕನ್ನಡಿಯನ್ನೂ ಮೊಬೈಲನ್ನೂ ಶಂಕಿಸಬೇಕು. ಕೈಯಲ್ಲಿ ಹಿಡಿದು ತನ್ನನ್ನು ತಾನೇ ತೆಗೆದುಕೊಳ್ಳುವ ಸೆಲ್ಫಿಯು ಮೂಗನ್ನು ಹಿಗ್ಗಿಸಿ ತೋರಿಸುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ, 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು 5 ಅಡಿ ದೂರದಿಂದ ತೆಗೆದುದಕ್ಕಿಂತ ನೂರಕ್ಕೆ ಸುಮಾರು 30 ಪಾಲು ಅಗಲವಾಗಿ ಕಾಣುವುದೆಂದು ತೋರಿಸಿದರು. ಇಂಥ ಚಿತ್ರವನ್ನು ನೋಡಿ ನೋಡಿ ಶಸ್ತ್ರಕ್ಕೆ ತಲೆಯೊಡ್ಡುವುದೆಂದರೆ, ಡೊಂಕು ಕನ್ನಡಿಯನ್ನು ನಂಬಿ ಮುಖವನ್ನು ತಿದ್ದಿದಂತೆ. ಐದಾರಡಿ ದೂರದಿಂದ, ಒಂದೇ ಬೆಳಕಿನಲ್ಲಿ, ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಬೇರೊಬ್ಬರಿಂದ ಚಿತ್ರ ತೆಗೆಸಿ, ತಿಂಗಳಿಗೊಮ್ಮೆ ಹೋಲಿಸಿ ನೋಡುವುದು ಲೇಸು.

ಮನಸ್ಸಿನದಾದರೆ, ಅದನ್ನು ಹೇಳಲು ನಾಚಬೇಕಾದುದಿಲ್ಲ. ಪರರಿಗೆ ಕಾಣದ, ಅಥವಾ ಅತ್ಯಲ್ಪವಾಗಿ ಕಾಣುವ ಕುಂದನ್ನು ಕುರಿತು ದಿನಕ್ಕೆ ಗಂಟೆಗಟ್ಟಲೆ ಚಿಂತಿಸುವುದು, ಕನ್ನಡಿಯನ್ನು ಬಿಡಲಾರದಿರುವುದು ಅಥವಾ ಅದಕ್ಕೆ ಹೆದರುವುದು, ಜನರೆದುರು ಬಾರದಿರುವುದು, ಇವು ಒಂದು ಮಾನಸಿಕ ವ್ಯಾಧಿಯ ಲಕ್ಷಣಗಳು. ಇದಕ್ಕೆ ಮಾತಿನ ಚಿಕಿತ್ಸೆಯೂ ಔಷಧವೂ ಉಂಟು. ಶಸ್ತ್ರದಿಂದ ಮಾತ್ರ ಇದು ವಾಸಿಯಾಗುವುದು ವಿರಳ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು.

ಇಷ್ಟನ್ನು ವಿಂಗಡಿಸಿದ ಮೇಲೆ ಮುಂದಿರುವ ದಾರಿಗಳು ನಾಲ್ಕು.

ಒಂದು, ಏನನ್ನೂ ಮಾಡದಿರುವುದು. ಕಾದರೆ ತಾನಾಗಿ ಸರಿಹೋಗುವ ಸಣ್ಣ ಕುಂದುಗಳು ಬಹಳ. ಎರಡು ಹೊಳ್ಳೆಗಳೂ ತಕ್ಕಡಿಯಲ್ಲಿ ತೂಗಿದಂತೆ ಒಂದೇ ಸಮನಾಗಿರುವ ಮನುಷ್ಯನು ದುರ್ಲಭ.

ಎರಡು, ಸೂಜಿಮದ್ದು. ತುದಿಯ ಮೇಲ್ಭಾಗದಲ್ಲಿ ಗಾಯದ ಮಾಂಸವು ಬೆಳೆದು ಉಬ್ಬಿದ್ದರೆ, ಸ್ಟೀರಾಯ್ಡ್ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅದನ್ನು ಇಳಿಸಲು ಯತ್ನಿಸುವುದುಂಟು. ಹೆಚ್ಚಾದರೆ ಚರ್ಮವು ತೆಳುವಾಗುವ ಭಯವಿದೆ. ತಗ್ಗಾದೆಡೆಯಲ್ಲಿ ಫಿಲ್ಲರ್ ಎಂಬ ಲೇಹದಂಥ ವಸ್ತುವನ್ನು ತುಂಬುವುದು ಇನ್ನೊಂದು ವಿಧಾನ. ಅದು ಕಾಲಾನಂತರ ಕರಗುವುದು. "ಶಸ್ತ್ರವಿಲ್ಲ, ಅರ್ಧ ಗಂಟೆಯ ಕೆಲಸ" ಎಂಬ ಜಾಹೀರಾತನ್ನು ನೋಡಿ ಇದನ್ನು ಹಗುರವೆಂದು ಬಗೆಯಬಾರದು. ಅದು ರಕ್ತನಾಳವನ್ನು ಹೊಕ್ಕರೆ ಚರ್ಮವು ಸಾಯಬಹುದು. ವಿರಳವಾಗಿಯಾದರೂ ಕಣ್ಣೇ ಹೋಗಬಹುದು. ಒಮ್ಮೆ ಶಸ್ತ್ರಕ್ಕೊಳಗಾದ ಮೂಗಿನಲ್ಲಿ ಈ ಅಪಾಯವು ಹೆಚ್ಚು.

ಮೂರು, ಸಣ್ಣ ತಿದ್ದುಪಡಿ. ಎದ್ದುಕಾಣುವ ಒಂದು ಮುಳ್ಳಿನಂಥ ಏರನ್ನು ಉಜ್ಜಿ ಸಮ ಮಾಡುವಂಥ ಕೆಲಸವಿದು.

ನಾಲ್ಕು, ಮೂಗನ್ನು ಪುನಃ ತೆರೆದು ಕಟ್ಟುವುದು. ಇದು ಮೊದಲನೆಯದಕ್ಕಿಂತ ಕಠಿನ. ಹಳೆಯ ಗಾಯದ ಮಾಂಸವು ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ರಕ್ತದ ಓಡಾಟವು ಮೊದಲಿನಂತಿರುವುದಿಲ್ಲ. ಆಸರೆಗೆ ಬೇಕಾದ ಮೃದ್ವಸ್ಥಿಯನ್ನು, ಎಂದರೆ ಬಾಗುವ ಮೆತ್ತನೆಯ ಎಲುಬನ್ನು, ಮೊದಲ ಸಲವೇ ತೆಗೆದು ಬಳಸಿರಬಹುದು. ಮೂಗಿನ ನಡುಗೋಡೆಯಲ್ಲಿ ಅದು ಉಳಿದಿರದಿದ್ದರೆ ಕಿವಿಯಿಂದ ತೆಗೆಯುತ್ತಾರೆ. ಹೆಚ್ಚು ಬೇಕಾದರೆ ಪಕ್ಕೆಲುಬಿನಿಂದ. ಪಕ್ಕೆಲುಬಿನದು ಬಲವುಳ್ಳದ್ದು, ಆದರೆ ಎದೆಯ ಮೇಲೆ ಕಲೆ, ಕೆಲವು ದಿನಗಳ ನೋವು, ತುಂಡು ಮುಂದೆ ಡೊಂಕಾಗುವ ಸಂಭವ, ಇವೂ ಅದರೊಡನೆ ಬರುತ್ತವೆ. ಎರಡನೆಯದರ ನಂತರವೂ ಬಾವಿಳಿಯಲು ಮತ್ತೆ ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು. ಮೂರನೆಯ ಸಲದ ಮಾತು ಬಾರದೆಂದು ಯಾವ ಪ್ರಾಮಾಣಿಕ ವೈದ್ಯನೂ ಆಣೆಯಿಡಲಾರನು.

ನಿರ್ಧರಿಸುವ ಮೊದಲು ಮಾಡತಕ್ಕ ಕೆಲಸಗಳೂ ಉಂಟು. ಮೊದಲು ತಿದ್ದಿದ ವೈದ್ಯನಲ್ಲಿಗೇ ಹೋಗಿ, ಸಿಟ್ಟನ್ನು ಹೊರಗಿರಿಸಿ, ಕೊರತೆಯನ್ನು ಹೇಳಬೇಕು. ಒಳಗೆ ಏನು ಮಾಡಿದೆಯೆಂಬುದನ್ನು ಎಲ್ಲರಿಗಿಂತ ಬಲ್ಲವನು ಅವನು. ಶಸ್ತ್ರಕ್ರಿಯೆಯ ದಾಖಲೆಯ ಪ್ರತಿಯನ್ನು ಬರೆದು ಕೇಳಬೇಕು. 2002ರ ವೈದ್ಯಕೀಯ ನೀತಿನಿಯಮಗಳ ಪ್ರಕಾರ ಕೇಳಿದ 72 ಗಂಟೆಗಳೊಳಗೆ ಅದನ್ನು ಕೊಡಬೇಕು. ಬಳಿಕ ಇಂಥ ಮರುತಿದ್ದುಪಡಿಯಲ್ಲಿಯೇ ಪಳಗಿದ ಇನ್ನೊಬ್ಬ ತಜ್ಞನನ್ನು ಕಾಣಬೇಕು. ಇಂಥವನ್ನು ಎಷ್ಟು ಮಾಡಿದ್ದೀರಿ, ಆಸರೆಯನ್ನು ಎಲ್ಲಿಂದ ತೆಗೆಯುವಿರಿ, ಉಸಿರಾಟ ಸುಧಾರಿಸುವುದೇ, ಯಾವುದು ಸಾಧ್ಯವಿಲ್ಲ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಕೊಡದವನಿಗೆ ಮೂಗನ್ನು ಒಪ್ಪಿಸಬಾರದು. ಹೊಗೆಬತ್ತಿಯ ಅಭ್ಯಾಸವಿರುವವರು ಮೊದಲೇ ಬಿಡಬೇಕು. ಅದು ಗಾಯ ಮಾಯುವುದನ್ನು ಕೆಡಿಸುತ್ತದೆ.

ನಮ್ಮ ಮೈಸೂರಿಗೆ ಸಮೀಪದ ಒಂದು ವೃತ್ತಾಂತವನ್ನು ಇಲ್ಲಿ ನೆನೆಯಬಹುದು. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ ಎಂಬ ಪತ್ರಿಕೆಯಲ್ಲಿ 1794ನೆಯ ಅಕ್ಟೋಬರಿನಲ್ಲಿ ಒಂದು ಪತ್ರವು ಅಚ್ಚಾಯಿತು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿಯ ದಂಡನ್ನು ಸೇರಿದನಂತೆ. ಒಂದು ವರ್ಷಕ್ಕೂ ಮಿಕ್ಕು ಮೂಗಿಲ್ಲದೆ ಇದ್ದು, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿಸಿಕೊಂಡನು. ಮೇಣದ ಅಚ್ಚಿನಿಂದ ಅಳತೆ ತೆಗೆದುದು, ಚರ್ಮವನ್ನು ತಿರುವಿ ಕೂಡಿಸಿದುದು ಎಲ್ಲವೂ ಪತ್ರದಲ್ಲಿದೆ. ಸುಮಾರು 25ನೆಯ ದಿನ ಹಣೆಗೂ ಮೂಗಿಗೂ ಇದ್ದ ಚರ್ಮದ ಸೇತುವೆಯನ್ನು ಕತ್ತರಿಸುವರೆಂದೂ, ಆಗ ರೂಪವನ್ನು ಸರಿಪಡಿಸಲು ಇನ್ನಷ್ಟು ಕೊಯ್ಯಬೇಕಾಗುವುದೆಂದೂ ಅದರಲ್ಲಿ ಹೇಳಿದೆ. ಇದನ್ನೋದಿದ ಲಂಡನ್ನಿನ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಇದೇ ವಿಧಾನವನ್ನು ಅನುಸರಿಸಿದನು. ಪುಣೆಯ ಆ ಮನುಷ್ಯನ ಹೆಸರು ಪತ್ರದಲ್ಲಿಲ್ಲ. ಆದರೆ ಸುಶ್ರುತನಂತೆ ಅವನಿಗೂ ಒಂದೇ ಏಟಿಗೆ ಕೆಲಸ ಮುಗಿಯುವುದೆಂಬ ಭ್ರಮೆಯಿರಲಿಲ್ಲ.

ಆದರೆ ಕಾವಸ್‌ಜಿಯು ಕಳೆದುಕೊಂಡ ಮೂಗನ್ನು ಪಡೆಯಲು ಹೋದನು. ಈ ಹುಡುಗಿಗೆ ಇದ್ದ ಮೂಗಿನಲ್ಲಿ ಏನು ಕೊರತೆಯಿತ್ತು? ವೈದ್ಯನ ಮನೆಯಿಂದ ಹಿಂದಿರುಗುವಾಗ ನಾನು ಇದನ್ನು ಕೇಳಿಯೇಬಿಟ್ಟೆನು. ಉತ್ತರವನ್ನು ಕೊಟ್ಟವಳು ತಾಯಿ.

"ಮೇಷ್ಟ್ರೇ, ನಿಮಗೆ ನೆನಪಿರಲಾರದು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಎಳ್ಳುಹೂವಿನಂಥ ಮೂಗೆಂಬ ಉಪಮಾನವನ್ನು ಪಾಠ ಮಾಡಿದಿರಿ. ಹುಡುಗರೆಲ್ಲ ನನ್ನ ಕಡೆ ತಿರುಗಿ ನಕ್ಕರು. ನೀವೂ ನಕ್ಕಿರಿ. ಇವಳು ಹುಟ್ಟಿದಾಗ ನಾನು ಮೊದಲು ನೋಡಿದ್ದು ಮೂಗನ್ನು. ನನ್ನದೇ ಮೂಗು. ದುಡ್ಡು ಕೂಡಿದ ಮೇಲೆ ಮಾಡಿಸಿಕೋ ಎಂದವಳು ನಾನೇ."

ನನಗೆ ನೆನಪಿರಲಿಲ್ಲ. ನಕ್ಕವನಿಗೆ ಮರೆತುಹೋಗುತ್ತದೆ. ಬೀದಿಯಲ್ಲಿ ನಿಂತು, ನನ್ನ ಶಿಷ್ಯೆಯಾಗಿದ್ದವಳಿಗೆ ಕೈಮುಗಿದು, "ತಪ್ಪಾಯಿತಮ್ಮ" ಎಂದೆನು. ಅವಳು ಕೂಡಲೆ ನನ್ನ ಕೈಗಳನ್ನು ಹಿಡಿದು ಬಿಡಿಸಿದಳು. ಮಗಳು ಪಕ್ಕಕ್ಕೆ ತಿರುಗಿ ನಿಂತಿದ್ದಳು.

ಆ ಮನೆಯಲ್ಲಿ ಈಗ ನಡೆದಿರುವುದು ಇಷ್ಟು. ಹುಡುಗಿಯು ಆಸ್ಪತ್ರೆಯಿಂದ ದಾಖಲೆಗಳನ್ನು ತರಿಸಿಕೊಂಡಿದ್ದಾಳೆ. ವರ್ಷ ತುಂಬಿದ ಮೇಲೆ ಮೂಗನ್ನು ಒಳಗೂ ಹೊರಗೂ ಮತ್ತೆ ಪರೀಕ್ಷಿಸಿ, ಉಸಿರಿನ ದಾರಿಯನ್ನು ಬಿಡಿಸಲು ಶಸ್ತ್ರವೇ ಬೇಕಾದರೆ, ಆಕಾರವನ್ನೂ ಆಗಲೇ ಸಾಧ್ಯವಾದಷ್ಟು ಸರಿಪಡಿಸುವುದೆಂದು ನಿಶ್ಚಯವಾಗಿದೆ. ಬೇಡವೆಂದು ಕಂಡರೆ ಉಬ್ಬಿಗಾಗಿ ಮಾತ್ರ ಕೊಯ್ಯಿಸಿಕೊಳ್ಳುವುದಿಲ್ಲವೆಂದು ಅವಳೇ ಹೇಳಿದ್ದಾಳೆ. ತಂದೆಯು ಈಗ ಮೂಗಿನ ಮಾತನ್ನು ತಾನಾಗಿಯೇ ಎತ್ತುತ್ತಾನೆ, ಬೆಳಗ್ಗೆ ಎದ್ದೊಡನೆ, "ರಾತ್ರಿ ಉಸಿರಾಟ ಹೇಗಿತ್ತು?" ಎನ್ನುತ್ತಾನಂತೆ. ಮಾಘದಲ್ಲಿ ಬರುವ ಗಂಡಿನ ಕಡೆಯವರಿಗೆ ನಡೆದುದನ್ನು ಮುಚ್ಚದೆ ಹೇಳುವುದೆಂದು ತಾಯಿಯು ಒಪ್ಪಿದ್ದಾಳೆ.

ವಾಚಕರಲ್ಲಿ ಉಪಾಧ್ಯಾಯರೂ ಅಜ್ಜಅಜ್ಜಿಯರೂ ಇದ್ದಾರು. ಮಕ್ಕಳ ಮೂಗನ್ನೋ ಬಣ್ಣವನ್ನೋ ಕುರಿತು ನಗುವ ಮೊದಲು ನನ್ನ ಈ ಕಥೆಯನ್ನು ನೆನಪಿಗೆ ತಂದುಕೊಳ್ಳಬೇಕೆಂದು ಅವರಲ್ಲಿ ನನ್ನ ಪ್ರಾರ್ಥನೆ.